ವೇದನೆ, ಸೂಜಿ ಮತ್ತು ಶ್ರಾವಕಧರ್ಮ

ಇಪ್ಪತ್ತೆರಡು ಪರೀಷಹಗಳಲ್ಲಿ ರೋಗವೂ ಒಂದು. ಹಾಗಿರುವಾಗ ತೀವ್ರ ಮೈಗ್ರೇನ್ ತಲೆನೋವಿಗೆ ಶ್ರಾವಕನು ಮನೆಯಲ್ಲಿ ತಾನೇ ಚುಚ್ಚುಮದ್ದು ತೆಗೆದುಕೊಳ್ಳುವುದು ಸಹನೆಯ ಸೋಲಲ್ಲವೇ ಎಂಬ ಶಂಕೆ ಸಹಜ.

ಪರೀಷಹಜಯವು ಮುಖ್ಯವಾಗಿ ಮುನಿಧರ್ಮ. ವೇದನೆಯ ಚಿಂತೆಯಲ್ಲೇ ಮನಸ್ಸು ಮುಳುಗುವುದನ್ನು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯವು ಆರ್ತಧ್ಯಾನದಲ್ಲಿ ಎಣಿಸಿದೆ. ವಾಂತಿಯಿಂದ ಬಳಲಿ, ಬೆಳಕನ್ನೂ ತಾಳಲಾರದೆ, ಸಾಮಾಯಿಕವನ್ನೇ ಮರೆತು ನರಳುವವನ ನೋವು ತಪಸ್ಸಾಗದು. ಸಮತೆಯಿಲ್ಲದ ಸಹನೆ ಬರಿಯ ಹಠ. ಔಷಧವನ್ನು ಚತುರ್ವಿಧ ದಾನಗಳಲ್ಲಿ ಸೇರಿಸಿದ ಧರ್ಮವು ಅದನ್ನು ಸ್ವೀಕರಿಸುವ ಗೃಹಸ್ಥನನ್ನು ನಿಂದಿಸಲಾರದು.

ಕದರಮಂಡಲಗಿಯ ಗೃಹಸ್ಥನೊಬ್ಬನಿಗೆ ನಡುರಾತ್ರಿ ಈ ನೋವು ಬಂದಿತೆನ್ನಿ. ಬ್ಯಾಡಗಿಗೋ ರಾಣೇಬೆನ್ನೂರಿಗೋ ಒಯ್ಯಲು ಮನೆಮಂದಿಯೆಲ್ಲ ಏಳಬೇಕು. ಗುಳಿಗೆ ಕೊಟ್ಟರೆ ವಾಂತಿಯಲ್ಲಿ ಹೋಗುತ್ತದೆ. ಸುಮಾಟ್ರಿಪ್ಟಾನ್ ಎಂಬ ಔಷಧವು 6 ಮಿಲಿಗ್ರಾಂ ಚರ್ಮದಡಿ ಸೇರಿದರೆ ಅನೇಕರಿಗೆ ಒಂದು ಗಂಟೆಯೊಳಗೆ ಉಪಶಮನ ದೊರೆಯುತ್ತದೆ.

ಆದರೆ ಈ ಸ್ವಾತಂತ್ರ್ಯಕ್ಕೂ ಪರಿಮಾಣ ಬೇಕು. ವೈದ್ಯರು ಪರೀಕ್ಷಿಸಿ ಕಲಿಸಿದ ಮೇಲೆಯೇ ಸೂಜಿ ಹಿಡಿಯತಕ್ಕದ್ದು. ಹೃದ್ರೋಗಿಗಳಿಗೆ ಈ ಔಷಧ ಸಲ್ಲದು. 24 ಗಂಟೆಗಳಲ್ಲಿ 12 ಮಿಲಿಗ್ರಾಂ ಮೀರಕೂಡದು. ತಿಂಗಳಿಗೆ 10 ದಿನ ಅಥವಾ ಹೆಚ್ಚು ಬಳಸುತ್ತ ಹೋದರೆ ಔಷಧವೇ ತಲೆನೋವಿಗೆ ಕಾರಣವಾಗಬಲ್ಲದು. ಭೋಗೋಪಭೋಗ ಪರಿಮಾಣವನ್ನು ಬಲ್ಲ ಶ್ರಾವಕನಿಗೆ ಎಣಿಸಿ ಬಳಸುವುದು ಹೊಸ ಪಾಠವಲ್ಲ.

ಬಳಸಿದ ಸೂಜಿಯನ್ನು ಕಸದಲ್ಲಿ ಎಸೆದರೆ ಕಸ ಎತ್ತುವವರ ಕೈಗೆ ಚುಚ್ಚೀತು. ಪ್ರಮಾದದಿಂದಾದ ಆ ಗಾಯವೂ ಹಿಂಸೆಯೇ. ಅದನ್ನು ಗಟ್ಟಿ ಡಬ್ಬಿಯಲ್ಲಿ ಮುಚ್ಚಿಟ್ಟು ಆಸ್ಪತ್ರೆಗೆ ಒಪ್ಪಿಸಬೇಕು. ಮುನಿಗಳ ಉತ್ಸರ್ಗ ಸಮಿತಿಯಿಂದ ಗೃಹಸ್ಥನು ಕಲಿಯಬೇಕಾದ ಎಚ್ಚರಿಕೆ ಇದೇ.