ಹರಕೆಯ ವೇಷ, ಪಂಥದ ವೇಷ

ಮೊಹರಮ್ಮಿನ ದಿನಗಳಲ್ಲಿ ವಿಜಯಪುರ ಸೀಮೆಯ ಊರುಗಳಲ್ಲಿ, ಅಲಾಯಿ ದೇವರ ಪಂಜಾಗಳನ್ನು ಕೂಡ್ರಿಸಿದ ಮಸೂತಿಗಳ ಮುಂದೆ, ಮೈಗೆಲ್ಲ ಹಳದಿ ಬಣ್ಣ ಬಳಿದು ಕಪ್ಪು ಪಟ್ಟೆಗಳನ್ನು ಬರೆಯಿಸಿಕೊಂಡು ಹುಲಿಯಾಗಿ ನಿಲ್ಲುವ ಬಾಲಕನನ್ನು ಕಂಡವರಿಗೆ, ಆತನು ಯಾವ ಮತದ ಮನೆಯವನೆಂದು ವಿಚಾರಿಸುವ ಮನಸ್ಸೇ ಆಗುವುದಿಲ್ಲ. ಕೂಸಿನ ಬೇನೆ ಇಳಿಯಲೆಂದೋ, ಹುಟ್ಟಿದ್ದು ಉಳಿಯಲೆಂದೋ ಆತನ ತಾಯಿ ಎಂದೋ ಬೇಡಿಕೊಂಡ ಹರಕೆ ಅಲ್ಲಿ ಬಣ್ಣದ ರೂಪದಲ್ಲಿ ಸಂದಾಯವಾಗುತ್ತಿರುತ್ತದೆ. ಪದ್ಧತಿ ಹೊಸದಲ್ಲ. 1832ರಲ್ಲಿ ಲಂಡನ್ನಿನಲ್ಲಿ ಇಂಗ್ಲಿಷಿಗೆ ಇಳಿದು ಪ್ರಕಟವಾದ ಜಾಫರ್ ಶರೀಫರ ‘ಕಾನೂನ್-ಎ-ಇಸ್ಲಾಂ’ ಗ್ರಂಥವು ದಖ್ಖಣದ ಮೊಹರಂ ಫಕೀರರ ನಾನಾ ವೇಷಗಳನ್ನು ವರ್ಣಿಸುವಾಗ ಹುಲಿಯನ್ನು ಬಿಟ್ಟಿಲ್ಲ.

ವಿಜಯಪುರದ ಇಬ್ರಾಹಿಂಪುರದಂಥ, ನಗರವೂ ಹಳ್ಳಿಯೂ ಒಂದರೊಳಗೊಂದು ಬೆರೆತ ನೆಲೆಯಲ್ಲಿ ಕುಳಿತು ಚಿಂತಿಸುವವನಿಗೆ ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಈ ಬಾಲಕನನ್ನು ವೇದಿಕೆಗೆ ಹತ್ತಿಸಿ, ಮತ್ತೊಬ್ಬ ಬಾಲಕನ ಪಕ್ಕದಲ್ಲಿ ನಿಲ್ಲಿಸಿ, ಇವನ ಹುಲಿ ಮೇಲೋ ಅವನ ಹುಲಿ ಮೇಲೋ ಎಂದು ಅಂಕಗಳನ್ನು ಬರೆದುಕೊಂಡರೆ ಆ ಹರಕೆಗೆ ಏನಾಗುತ್ತದೆ? ಕರಾವಳಿಯ ನವರಾತ್ರಿಯಲ್ಲಿ ಇದು ಕೇವಲ ಊಹೆಯ ಮಾತಲ್ಲ. ಊದು ಪೂಜೆ ಮಾಡಿ ಹೊರಡುವ ಹುಲಿವೇಷದ ತಂಡಗಳಿಗೆ ಅಲ್ಲಿ ಸ್ಪರ್ಧೆಗಳು ನಡೆಯುತ್ತವೆ. ಅಕ್ಕಿಮುಡಿಯನ್ನು ಹಲ್ಲಿನಿಂದ ಕಚ್ಚಿ ಎತ್ತಿ ಹಿಂದಕ್ಕೆಸೆಯುವ ಸಾಹಸಕ್ಕೆ ಜನರ ಜಯಘೋಷವೂ ತೀರ್ಪುಗಾರರ ಗುಣಗಣನೆಯೂ ಒಟ್ಟಿಗೇ ಸಲ್ಲುತ್ತವೆ. ಕಡಲಾಚೆಯ ಟ್ರಿನಿಡಾಡಿನಲ್ಲಿ, ಕ್ರೈಸ್ತರ ಉಪವಾಸಕಾಲಕ್ಕೆ ಮುಂಚಿತವಾಗಿ ಬರುವ ಕಾರ್ನಿವಲ್ ಉತ್ಸವದಲ್ಲಿ, ಪೋರ್ಟ್ ಆಫ್ ಸ್ಪೇನಿನ ವಿಶಾಲ ಮೈದಾನದ ಮೇಲೆ ವೇಷಗಳ ರಾಜನನ್ನೂ ರಾಣಿಯನ್ನೂ ಆರಿಸುವ ಪಂಥವು ದೇಶದ ಹೆಮ್ಮೆಯೇ ಆಗಿದೆ. ಗುಲಾಮಗಿರಿಯಿಂದ ಬಿಡುಗಡೆ ಹೊಂದಿದವರು ಬೀದಿಗಿಳಿದು ತಮ್ಮ ಕುಣಿತವನ್ನೂ ವೇಷವನ್ನೂ ಆಳರಸರ ನಿರ್ಬಂಧಗಳ ನಡುವೆ ಉಳಿಸಿಕೊಂಡ ನೆಲದಲ್ಲಿ ವೇಷಕ್ಕೆ ಕಿರೀಟ ತೊಡಿಸುವುದನ್ನು ಯಾರೂ ಹಗುರವಾಗಿ ಕಾಣಲಾಗದು. ಆದರೆ ಅದೇ ದ್ವೀಪಕ್ಕೆ 1845ರಿಂದ ಕೂಲಿಗಳಾಗಿ ಹೋದ ಭಾರತೀಯರು ಕಟ್ಟಿಕೊಂಡ ಮೊಹರಂ ಹಬ್ಬ ‘ಹೊಸೆ’ ಎಂಬ ಹೆಸರಿನಿಂದ ಇಂದಿಗೂ ಉಂಟು. 1884ರಲ್ಲಿ ಅದರ ಮೆರವಣಿಗೆಯ ಮೇಲೆ ಸರಕಾರ ಗುಂಡು ಹಾರಿಸಿ ಅನೇಕರನ್ನು ಕೊಂದಿತು. ಆದರೂ ತಾಜಿಯಾಗಳು ಸಮುದ್ರದ ಕಡೆಗೆ ಸಾಗುವುದು ನಿಲ್ಲಲಿಲ್ಲ. ಹೀಗೆ ಒಂದೇ ನೆಲದಲ್ಲಿ ಗೆಲ್ಲಲು ಕಟ್ಟಿದ ಶೃಂಗಾರವೂ ನೀರಿಗೆ ಒಪ್ಪಿಸಲು ಕಟ್ಟಿದ ಶೃಂಗಾರವೂ ನೆರೆಹೊರೆಯಾಗಿ ಬದುಕಿವೆ.

ಪಂಥವೆಂಬುದು ಪರದೇಶದಿಂದ ಬಂದ ಪಿಡುಗೆಂದು ದೂರುವವರು ಭರತನ ನಾಟ್ಯಶಾಸ್ತ್ರದ 27ನೆಯ ಅಧ್ಯಾಯವನ್ನು ನೋಡತಕ್ಕದ್ದು. ಅಲ್ಲಿ ಪ್ರಾಶ್ನಿಕರೆಂಬ ತೀರ್ಪುಗಾರರು ಇದ್ದಾರೆ. ಯಜ್ಞವಿದನಿಂದ ಚಿತ್ರಕಾರನವರೆಗೆ, ವ್ಯಾಕರಣಜ್ಞನಿಂದ ವೇಶ್ಯೆಯವರೆಗೆ ಅವರ ಪರಿಗಣನೆಯುಂಟು. ಗೆದ್ದವರಿಗೆ ಪತಾಕೆಯೂ ಉಂಟು. ಆದರೆ ಭರತನು ಪ್ರಯೋಗದ ಸಿದ್ಧಿಯನ್ನು ಮಾನುಷೀ, ದೈವಿಕೀ ಎಂದು ಎರಡಾಗಿ ವಿಭಾಗಿಸಿದ್ದಾನೆಂಬುದನ್ನು ನಾನು ಬಹಳ ಮುಖ್ಯವೆಂದು ಎಣಿಸುತ್ತೇನೆ. ನಗು, ಸಾಧುವಾದ, ರೋಮಾಂಚ, ಆಸನದಿಂದ ಏಳುವಿಕೆ, ಮೈಮೇಲಿನ ವಸ್ತ್ರವನ್ನೂ ಉಂಗುರವನ್ನೂ ತೆಗೆದುಕೊಡುವಿಕೆ, ಇವು ಮಾನುಷೀ ಸಿದ್ಧಿಯ ಚಿಹ್ನೆಗಳು. ರಂಗವು ಜನರಿಂದ ತುಂಬಿ, ಸದ್ದಾಗಲಿ ಕ್ಷೋಭೆಯಾಗಲಿ ಉತ್ಪಾತವಾಗಲಿ ಇಲ್ಲದೆ ಇರುವುದು ದೈವಿಕೀ. ಮೊದಲನೆಯದನ್ನು ಎಣಿಸಬಹುದು, ಎರಡನೆಯದರಲ್ಲಿ ಎಣಿಸತಕ್ಕ ವಸ್ತುವೇ ಉಳಿದಿಲ್ಲ.

ವೇಷದ ಸತ್ಯವು ತೊಟ್ಟವನಲ್ಲಿ ಮಾತ್ರ ಇರುವುದೆಂಬ ಭ್ರಮೆಯನ್ನು ನಮ್ಮ ಜಿಲ್ಲೆಯ ಜನ ಬಹುಕಾಲದಿಂದಲೇ ಕಳಚಿಕೊಂಡಿರಬೇಕು. ಏಕೆಂದರೆ ಬಾಗೇವಾಡಿಯಲ್ಲಿ ಜನಿಸಿದ ಬಸವಣ್ಣನ ಕಥೆಗಳಲ್ಲಿ ಬೆಳೆದವರು ಅವರು. ಪಾಲ್ಕುರಿಕೆ ಸೋಮನಾಥನ ತೆಲುಗು ಕಾವ್ಯದಿಂದ 1369ರ ಭೀಮಕವಿಯ ಕನ್ನಡಕ್ಕೆ ಹರಿದುಬಂದ ಬಸವಪುರಾಣದ ಪರಂಪರೆಯಲ್ಲಿ ಪ್ರಸಿದ್ಧವಾದ ಕಥೆಯೊಂದುಂಟು: ಲಾಭದ ಆಸೆಯಿಂದ ಜಂಗಮವೇಷ ತಾಳಿ, ಲಿಂಗವಿರಬೇಕಾದೆಡೆಯಲ್ಲಿ ಬದನೆಕಾಯಿಯನ್ನು ಅರಿವೆಯಲ್ಲಿ ಕಟ್ಟಿಕೊಂಡು ಬಂದವರನ್ನು ಬಸವಣ್ಣ ಸಂಶಯವಿಲ್ಲದೆ ಪೂಜಿಸಲು, ಆ ಕಾಯಿಗಳು ಲಿಂಗಗಳೇ ಆದವು. ಕಪಟವೇಷವನ್ನು ಅಷ್ಟು ಕಠೋರವಾಗಿ ಖಂಡಿಸಿದ ಶರಣರ ನಡುವೆಯೇ ಈ ಕಥೆ ಬಾಳಿತೆಂಬುದು ಆಶ್ಚರ್ಯಕರ. ತೊಟ್ಟವನ ಅಪೂರ್ಣತೆಯನ್ನು ನೋಡುವವನ ನಮನವು ತುಂಬಿಕೊಡಬಲ್ಲದೆಂದೇ ಇದರ ತಾತ್ಪರ್ಯವೆಂದು ನಾನು ತಿಳಿಯುತ್ತೇನೆ.

ಹುಲಿಯಾದ ಬಾಲಕನಿಗೂ ಇದು ಅನ್ವಯಿಸುತ್ತದೆ. ಬಣ್ಣ ಒಂದೆಡೆ ಕರಗಿರಬಹುದು, ಬಾಲ ಜೋತುಬಿದ್ದಿರಬಹುದು, ನಿದ್ದೆಗಣ್ಣಿನ ಹುಡುಗನಿಗೆ ಘರ್ಜಿಸುವ ಶಕ್ತಿಯೂ ಇಲ್ಲದಿರಬಹುದು. ಪಂಜಾಗಳ ಮುಂದೆ ಸಕ್ಕರೆ ಓದಿಸಲು ಬಂದ ಮುದುಕಿಯು ಆ ಕೊರತೆಗಳನ್ನು ಕಾಣಳೆಂದಲ್ಲ. ಕಂಡೂ ಕೈಮುಗಿಯುತ್ತಾಳೆ, ಅಷ್ಟರಿಂದ ವೇಷ ಪೂರ್ಣವಾಗುತ್ತದೆ. ತೀರ್ಪುಗಾರನಾದರೋ ಆ ಇಡೀ ಜನಸಂದಣಿಯಲ್ಲಿ ಕೈಮುಗಿಯುವ ಸ್ವಾತಂತ್ರ್ಯವಿಲ್ಲದ ಏಕೈಕ ಮನುಷ್ಯ. ತೂಗುವುದು ಅವನ ಧರ್ಮ. ತೂಗುತ್ತಿರುವ ಕೈ ಜೋಡಿಸಲು ಬರುವುದಿಲ್ಲ. ಅವನು ಕೆಟ್ಟವನಲ್ಲ. ಆದರೂ ಅವನ ದೃಷ್ಟಿಗೆ ಒಪ್ಪಿಸಲ್ಪಟ್ಟ ಹುಡುಗ, ಎರಡನೆಯ ಸ್ಥಾನ ಪಡೆದು ಮನೆಗೆ ಮರಳುವಾಗ, ತನ್ನ ತಾಯಿಯ ಹರಕೆ ಸಂದಿತೋ ಇಲ್ಲವೋ ಎಂಬ ಶಂಕೆಯನ್ನು ಹೊತ್ತು ಮರಳಿದರೆ ಅದಕ್ಕೆ ಯಾರು ಉತ್ತರ ಹೇಳಬೇಕು?

ಆದಕಾರಣ ಸ್ಪರ್ಧೆಯನ್ನು ಏರ್ಪಡಿಸುವ ಹಿರಿಯರಲ್ಲಿ ನನ್ನ ವಿನಂತಿ ಇಷ್ಟೇ. ರಾತ್ರಿಯಿಡೀ ನಿದ್ದೆಗೆಟ್ಟು ಪಟ್ಟೆಗಳನ್ನು ಬರೆದ ಬಣ್ಣಗಾರನನ್ನೂ, ಹಲಗೆಯ ಪೆಟ್ಟಿಗೆ ಹೆಜ್ಜೆ ತಪ್ಪದೆ ಕುಣಿದ ವಯಸ್ಕ ಕಲಾವಿದರನ್ನೂ ವೇದಿಕೆಗೆ ಕರೆಯಿರಿ. ಅವರ ವಿದ್ಯೆಗೆ ಬೆಲೆ ಕಟ್ಟುವುದು ಸಮಾಜದ ಋಣ, ಬಹುಮಾನವನ್ನು ದೊಡ್ಡದಾಗಿಯೇ ಕೊಡಿರಿ. ಹರಕೆಯ ಮಕ್ಕಳ ಹೆಸರುಗಳನ್ನು ಮಾತ್ರ ಆ ಪಟ್ಟಿಯಲ್ಲಿ ಬರೆಯಬೇಡಿರಿ.