ಖಾನೆಯ ಅಳತೆ

ಹಾಸನದಲ್ಲಿರುವ ನನ್ನ ಅಣ್ಣನ ಮಗನು, ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಬಲ ಹರಿಯುವ ಹಳೆಯದೊಂದು ಗಾಡಿಯನ್ನು ಕೊಂಡು, ಅದರೊಳಗೆ ಮಲಗಿ ಉಂಡು ಕಾಡುದಾರಿಗಳಲ್ಲಿ ಸಂಚರಿಸುವುದಕ್ಕೆ ತಕ್ಕ ಮನೆಯನ್ನು ಸ್ವಹಸ್ತದಿಂದಲೇ ನಿರ್ಮಿಸುತ್ತಿರುವನೆಂದು ಕೇಳಿ ನಾನು ನೋಡಹೋದಾಗ, ಅವನು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ತಕ್ಕಡಿಯ ಮುಂದೆ ಕುಳಿತಿದ್ದನು. ಒಲೆ, ಹಾಸಿಗೆ, ಹಗ್ಗ, ಜಾಕು, ಕೊನೆಗೆ ಚಮಚಗಳು ಸಹ ಒಂದೊಂದಾಗಿ ತಕ್ಕಡಿಯೇರಿ ಪುಸ್ತಕದಲ್ಲಿ ದಾಖಲಾಗುತ್ತಿದ್ದವು.

“ಚಿಕ್ಕಪ್ಪಾ, 12 ಮಿ.ಮೀ. ದಪ್ಪದ 8 ಅಡಿಗೆ 4 ಅಡಿಯ ಪ್ಲೈವುಡ್ ಹಲಗೆ ಒಂದೇ 20 ಕಿಲೋ ಮೀರುತ್ತದೆ. 50 ಲೀಟರು ನೀರೆಂದರೆ 50 ಕಿಲೋ. ಹೀಗೇ ತುಂಬಿದರೆ ಆಕ್ಸಲ್ಲಿನ ಗತಿಯೇನು?” ಎಂದನು.

ಹೀಗೆ ತೂಗಿ ತೂಗಿ ಸಾಮಾನನ್ನು ಬಿಡುವುದನ್ನು ಅಪರಿಗ್ರಹ, ಎಂದರೆ ವಸ್ತುಸಂಗ್ರಹವನ್ನು ತೊರೆಯುವ ವ್ರತ, ಎನ್ನಬಹುದೆ? ಎನ್ನಲಾಗದೆಂದೇ ನನ್ನ ಮನಸ್ಸು ಮೊದಲು ನುಡಿಯಿತು. ಆಕ್ಸಲ್ಲು ಮುರಿದೀತೆಂಬ ಭಯದಿಂದ ವಸ್ತುವನ್ನು ಬಿಟ್ಟವನು ವಿರಕ್ತನಾದರೆ, ಜೇಬು ಬರಿದಾದವರೆಲ್ಲರೂ ಯತಿಗಳೇ ಆಗಬೇಕಾದೀತು. ಆದರೆ ಜೈನಶಾಸ್ತ್ರಕಾರರು ಈ ವ್ರತಕ್ಕೆ ಎರಡು ಮೆಟ್ಟಿಲುಗಳನ್ನು ಕಲ್ಪಿಸಿರುವುದು ನೆನಪಾಯಿತು. ಪಿಂಛಿ, ಕಮಂಡಲುಗಳ ಹೊರತು ಹೆಚ್ಚೇನನ್ನೂ ಹೊರದ ದಿಗಂಬರ ಮುನಿಯದು ಮಹಾವ್ರತ. ಸಂಸಾರದಲ್ಲಿರುವ ಶ್ರಾವಕನಿಗಾದರೋ ಪರಿಗ್ರಹ-ಪರಿಮಾಣವೆಂಬ ಅಣುವ್ರತ, ಎಂದರೆ ಇಷ್ಟಕ್ಕಿಂತ ಹೆಚ್ಚನ್ನು ಇಟ್ಟುಕೊಳ್ಳೆನೆಂದು ತಾನೇ ಮುಂಚಿತವಾಗಿ ಹಾಕಿಕೊಳ್ಳುವ ಗೆರೆ. ನಾವು ಸಾಮಾನ್ಯರು ಕಪಾಟನ್ನು ಮೊದಲು ಮಾಡಿಸಿ, ಅದು ಬರಿದಾಗಿರುವುದನ್ನು ಸಹಿಸಲಾರದೆ ಸಾಮಾನನ್ನು ಹುಡುಕುವವರು. ಈ ಹುಡುಗನಾದರೋ ಒಂದು ಖಾನೆಯನ್ನೂ ಹೂಡುವ ಮುನ್ನ ಬಿಸಿಲೆಘಾಟಿಯ ಕಡೆ ಬರಿಯ ಗಾಡಿಯಲ್ಲಿ ಮೂರು ರಾತ್ರಿ ಮಲಗಿ, ಕತ್ತಲಲ್ಲಿ ಕೈ ಯಾವುದಕ್ಕಾಗಿ ತಡಕಾಡಿತೆಂಬುದನ್ನು ಬರೆದಿಟ್ಟುಕೊಂಡು, ಆ ಪಟ್ಟಿಯ ಅಳತೆಗೆ ಮರವನ್ನು ಕೊಯ್ದನು.

ಕೆಲಸವೂ ಸುಲಭದ್ದಲ್ಲ. ಹಳ್ಳದಿಣ್ಣೆಗಳಲ್ಲಿ ಗಾಡಿಯ ಚಾಸಿ ನುಲಿಯುತ್ತದೆ. ಮೊದಲನೆಯ ಕಪಾಟನ್ನು ಗೋಡೆಗೆ ಬಿಗಿಯಾಗಿ ಬೋಲ್ಟಿಸಿದ್ದರಿಂದ ಅದರ ಮೂಲೆ ಸೀಳಿತು. ಅನಂತರ ಸಂದು ಬಿಟ್ಟು ನಡುವೆ ರಬ್ಬರನ್ನಿಟ್ಟನು. ಓರೆದಾರಿಯಲ್ಲಿ ಗಾಡಿ ಮಗುಚದಿರಲೆಂದು ನೀರಿನ ಕ್ಯಾನು, ಬ್ಯಾಟರಿಗಳನ್ನು ಎರಡು ಆಕ್ಸಲ್ಲುಗಳ ನಡುವೆ ನೆಲಕ್ಕೆ ತಗ್ಗಾಗಿ ಇರಿಸಿ, ಹಗುರವಾದ ಬಟ್ಟೆಬರೆಗೆ ಮಾತ್ರ ಮೇಲಣ ಖಾನೆಗಳನ್ನು ಬಿಟ್ಟನು. ಪ್ರತಿ ಡ್ರಾಯರಿಗೂ ಚಿಲಕ; ಇಲ್ಲವಾದರೆ ಮೊದಲ ಏರಿನಲ್ಲಿಯೇ ಪಾತ್ರೆಗಳು ಹೊರಬಿದ್ದಾವು. ನಟ್ಟುಗಳು ಅದುರಿ ಸಡಿಲವಾಗದಂತೆ ಒಳಗೆ ನೈಲಾನ್ ಬಳೆಯಿರುವಂಥವನ್ನೇ ಹುಡುಕಿ ತಂದನು.

ಇಷ್ಟೆಲ್ಲ ಕಂಡು ನನಗೆ ಗೌರವ ಮೂಡಿದುದು ದಿಟ. ಆದರೆ ಅದೇ ಸಂಜೆ ನೆರೆಮನೆಯ ಕೂಸೊಂದು ಡ್ರಾಯರನ್ನು ಎಳೆದು ಅದರ ಮೈಮೇಲೆ ಕಡ್ಡಿಯಷ್ಟು ಗೀರು ಮಾಡಿದಾಗ, ಚಮಚದ ತೂಕಕ್ಕೂ ಲೆಕ್ಕವಿಟ್ಟ ಈ ಪುಣ್ಯಾತ್ಮನು ಮಗುವಿನ ಮೇಲೆ ಹಾರಿಬಿದ್ದ ಪರಿಯನ್ನು ನೋಡಬೇಕಾಗಿತ್ತು! ಜೈನಾಚಾರ್ಯ ಉಮಾಸ್ವಾತಿಯು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹದ ಲಕ್ಷಣವನ್ನು ಹೇಳುವಾಗ ವಸ್ತುವನ್ನು ಹೆಸರಿಸದೆ, ವಸ್ತುವಿನಲ್ಲಿ ಮೈಮರೆಯುವ ಮೂರ್ಛೆಯನ್ನು ಹೆಸರಿಸಿದುದೇಕೆಂಬುದು ನನಗೆ ಆಗ ಹೊಳೆಯಿತು. ಸಾಮಾನನ್ನು ತ್ಯಜಿಸಿದವನ ಮಮಕಾರವು ಸಾಮಾನಿಡುವ ಪೆಟ್ಟಿಗೆಗೆ ವರ್ಗವಾಗಬಲ್ಲುದು. ಪೆಟ್ಟಿಗೆಯನ್ನೂ ತ್ಯಜಿಸಿದವನದು ತನ್ನ ತ್ಯಾಗದ ಪಟ್ಟಿಗೇ ಅಂಟಿಕೊಂಡೀತು. ಹಾಗಾದರೆ ಪರಿಮಾಣವು ವ್ಯರ್ಥವೆ? ಅಲ್ಲವೆಂದೇ ನನ್ನ ಎಣಿಕೆ: ಸಾವಿರ ವಸ್ತುಗಳ ಸಂದಣಿಯಲ್ಲಿ ಮೂರ್ಛೆಯು ಎಲ್ಲಿ ಅಡಗಿದೆಯೆಂದು ಯಾರು ಹುಡುಕಬಲ್ಲರು? ಈ ಪುಟ್ಟ ಗಾಡಿಯಲ್ಲಾದರೋ ಅದು ಒಂದೇ ಸಂಜೆಗೆ ಸಿಕ್ಕಿಬಿದ್ದಿತು. ಹುಡುಗನೂ ಅರ್ಧ ಗಳಿಗೆಯಲ್ಲಿ ನಾಚಿ, ಮಗುವನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಬೀದಿ ಸುತ್ತಿಸಿ ಬಂದನು.

ಗಾಡಿ ಮೊದಲ ಪಯಣಕ್ಕೆ ಹೊರಟ ಬೆಳಗ್ಗೆ ಅತ್ತಿಗೆಯವರು ಮಿಡಿಮಾವಿನ ಉಪ್ಪಿನಕಾಯಿ ತುಂಬಿದ ಪಿಂಗಾಣಿಯ ಜಾಡಿಯೊಂದನ್ನು ತಂದು ಕೊಟ್ಟರು. ಪಟ್ಟಿಯಲ್ಲಿ ಅದಕ್ಕೆ ಎಡೆಯಿರಲಿಲ್ಲ. ಅವನು ಅದನ್ನು ಹಳೆಯ ಪಂಚೆಯಲ್ಲಿ ಸುತ್ತಿ ಹಾಸಿಗೆಯ ಕೆಳಗಿರಿಸಿದನು, ತಕ್ಕಡಿಗೆ ಏರಿಸಲಿಲ್ಲ.