ಕಿವಿಗೆ ಬಿದ್ದದ್ದು

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿದ್ದಾಗ ಅಳಿಯನ ಮೇಜಿನ ಮೇಲೆ ಒಂದು ರೇಡಿಯೋ ಸ್ಕ್ಯಾನರ್ ಇತ್ತು. ಪೋಲೀಸರು, ಬೆಂಕಿ ಆರಿಸುವವರು, ಆಂಬುಲೆನ್ಸಿನವರು ತಮ್ಮತಮ್ಮಲ್ಲಿ ಆಡುವ ಮಾತು ಅದರಲ್ಲಿ ಕೇಳುತ್ತಿತ್ತು. ಮಗುವಿನ ಜೊತೆ ಎದ್ದಿರುತ್ತಿದ್ದ ರಾತ್ರಿಗಳಲ್ಲಿ ನನಗೂ ಅದರ ರುಚಿ ಹತ್ತಿತು.

ಸ್ಕ್ವೆಲ್ಚ್ ಅಂತ ಒಂದು ತಿರುಪು. ಪೂರ್ತಿ ಬಿಟ್ಟರೆ ಬರೀ ಸೊರ್ರೆನ್ನುವ ಸದ್ದು, ಬಿಗಿಮಾಡಿದರೆ ದೂರದ ದನಿಗಳೆಲ್ಲ ಬಂದ್. ಸದ್ದು ಆಗತಾನೆ ಅಡಗುವ ಕಡೆ ನಿಲ್ಲಿಸಬೇಕು. ಆಂಟೆನಾ ಕಿಟಕಿಯ ಹತ್ತಿರವಿದ್ದರೆ ಒಳ್ಳೆಯದು. ಒಬ್ಬರ ಮಾತು ಮುಗಿದ ಮೇಲೂ ಎರಡು ಸೆಕೆಂಡು ಅದೇ ಚಾನೆಲ್ಲಿನಲ್ಲಿ ಕಾಯುವಂತೆ ಇಡಬೇಕು. ಇಲ್ಲವಾದರೆ ಪ್ರಶ್ನೆ ಕೇಳುತ್ತದೆ, ಉತ್ತರ ತಪ್ಪಿಹೋಗುತ್ತದೆ. ಬಾವಿಕಟ್ಟೆಯ ಮಾತು ಕೇಳಿ ಬೆಳೆದವಳಿಗೆ ಇದೇನು ಮಹಾ!

ಒಂದು ರಾತ್ರಿ ಎದುರುಮನೆಯ ನಂಬರೇ ಬಂತು. ಹೆಂಗಸು, ವಯಸ್ಸು ಎಪ್ಪತ್ತೆಂಟು, ಬಚ್ಚಲಲ್ಲಿ ಬಿದ್ದಿದ್ದಾರೆ. ನಾನು ಎದ್ದು ಬಾಗಿಲು ತೆಗೆಯಲಿಲ್ಲ. ಮಾತು ಇನ್ನೂ ಸ್ಪಷ್ಟವಾಗಲೆಂದು ತಿರುಪಿಗೆ ಕೈಹಾಕಿದೆ.

ನ್ಯೂಯಾರ್ಕಿನ ಪೋಲೀಸರು 2023ರಲ್ಲಿ ತಮ್ಮ ರೇಡಿಯೋ ಮಾತನ್ನು ಹೊರಗಿನವರಿಗೆ ಕೇಳದಂತೆ ಮಾಡತೊಡಗಿದಾಗ ಪತ್ರಕರ್ತರು ವಿರೋಧಿಸಿದರು. ಪೋಲೀಸರ ಮೇಲೆ ಜನರ ಕಿವಿ ಇರಬೇಕು, ನಿಜ. ಆದರೆ ಆ ರಾತ್ರಿ ನಾನು ಕೇಳುತ್ತಿದ್ದದ್ದು ಪೋಲೀಸರನ್ನಲ್ಲವಲ್ಲ.

ಹತ್ತು ದಿನದ ಮೇಲೆ ಆಕೆ ಕೋಲೂರಿಕೊಂಡು ಸಿಕ್ಕರು. ತಂಗಿಯ ಮನೆಗೆ ಹೋಗಿದ್ದೆ ಅಂದರು. ಹೌದಾ, ಅಂದೆ. ಸಂಜೆ ಬಿಸಿ ತಿಳಿಸಾರು ಒಯ್ದುಕೊಟ್ಟೆ. ಏನು ವಿಶೇಷ ಎಂದು ಕೇಳಿದರು.

ಜಾಸ್ತಿ ಮಾಡಿಬಿಟ್ಟಿದ್ದೆ, ಅಂದೆ.